ಏಳುವ ಹೊತ್ತು, ಮನಸ್ಸಿನ ಹದ
ಮಲಗುವ, ಏಳುವ ಹೊತ್ತು ದಿನದಿನಕ್ಕೆ ಏರುಪೇರಾದರೆ ಅದರ ಪೆಟ್ಟು ಮೊದಲು ಬೀಳುವುದು ಮನಸ್ಸಿನ ಮೇಲೆ. ಮಿದುಳಿನ ಹೈಪೊಥಲಾಮಸ್‌ನಲ್ಲಿ, ಎರಡು ಕಣ್ಣುಗಳ ನರಗಳು ಸಂಧಿಸುವ ಜಾಗದ ಮೇಲೆಯೇ, ಸುಮಾರು 20,000 ನರಕೋಶಗಳ ಪುಟ್ಟ ಗುಂಪೊಂದಿದೆ. ದೇಹದ ಮುಖ್ಯ ಗಡಿಯಾರ ಇದೇ. ಬೆಳಗಿನ ಬೆಳಕಿಗೆ ಇದು ದಿನವೂ ತನ್ನನ್ನು ಸರಿಹೊಂದಿಸಿಕೊಳ್ಳುತ್ತದೆ. ಕತ್ತಲಾದ ಮೇಲೆ ಮೆಲಟೋನಿನ್ ಒಸರುವುದು, ಏಳುವ ಹೊತ್ತಿಗೆ ಕಾರ್ಟಿಸಾಲ್ ಏರುವುದು ಇದರ ಸೂಚನೆಯಂತೆಯೇ. ವಾರವಿಡೀ ಆರಕ್ಕೆ ಎದ್ದು ಭಾನುವಾರ ಹತ್ತರವರೆಗೆ ಹೊದ್ದು ಮಲಗಿದವರಿಗೆ ಆ ರಾತ್ರಿ ಬೇಗ ಕಣ್ಣು ಹತ್ತುವುದಿಲ್ಲ. ಸೋಮವಾರ ಅಲಾರಂ ಹೊಡೆದಾಗ ದೇಹಕ್ಕಿನ್ನೂ ನಡುರಾತ್ರಿ: ತಲೆ ಭಾರ, ಕಾಫಿ ಕುಡಿದರೂ ಹೋಗದ ಮಂಪರು, ಮಕ್ಕಳು ಪೆನ್ಸಿಲ್ ಕೇಳಿದರೂ ಸಿಡುಕು. ಜರ್ಮನಿಯ ಟಿಲ್ ರೋನೆಬರ್ಗ್ ಮತ್ತು ಸಂಗಡಿಗರು 2006ರಲ್ಲಿ ಇದನ್ನು ‘ಸೋಷಿಯಲ್ ಜೆಟ್‌ಲ್ಯಾಗ್’ ಎಂದು ಕರೆದರು. ಮಿಶಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2,100ಕ್ಕೂ ಹೆಚ್ಚು ಕಿರಿಯ ವೈದ್ಯರ ಕೈಗೆ ನಿದ್ದೆ ಅಳೆಯುವ ಪಟ್ಟಿ ಕಟ್ಟಿ, ದಿನವೂ ಅವರ ಮನಃಸ್ಥಿತಿ ಕೇಳಿ ದಾಖಲಿಸಿದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ನಿದ್ದೆಯ ಹೊತ್ತು ಹೆಚ್ಚು ಅಸ್ತವ್ಯಸ್ತವಾದವರಲ್ಲಿ ಉಲ್ಲಾಸ ಕಡಿಮೆ, ಖಿನ್ನತೆಯ ಲಕ್ಷಣಗಳು ಹೆಚ್ಚು ಕಂಡವು. ಹಾಗಿರುವಾಗ ಬೆಂಗಳೂರಿನಲ್ಲಿ ಪಾಳಿ ಬದಲಿಸುತ್ತಾ ದುಡಿಯುವವರ ಸಿಡಿಮಿಡಿಯನ್ನು ಬರೀ ಸ್ವಭಾವದೋಷವೆಂದು ತಳ್ಳಿಹಾಕುವುದು ಅನ್ಯಾಯ. ನಿದ್ದೆಯನ್ನು ಬಲವಂತದಿಂದ ಕರೆತರಲಾಗದು. ಏಳುವುದನ್ನು ಮಾತ್ರ ನಿಗದಿ ಮಾಡಬಹುದು. ಆದ್ದರಿಂದ ರಜೆಯ ದಿನವೂ ಅದೇ ಹೊತ್ತಿಗೆ ಎದ್ದು, ಸ್ವಲ್ಪ ಹೊತ್ತು ಅಂಗಳದ ಅಥವಾ ತಾರಸಿಯ ಬೆಳಕಿಗೆ ಮೈಯೊಡ್ಡುವುದು ಮೊದಲ ಹೆಜ್ಜೆ. ಮಲಗುವ ಹೊತ್ತು ಕೆಲವು ದಿನಗಳಲ್ಲಿ ತಾನಾಗಿ ಹಿಂದಕ್ಕೆ ಸರಿಯುತ್ತದೆ.