ಹೇಳಿಕೊಳ್ಳಲಾಗದ ಸಂಕಟ

ಮನೆಯ ಹಿರಿಯರು ಇದ್ದಕ್ಕಿದ್ದಂತೆ ಸಂಜೆಯ ತಿರುಗಾಟವನ್ನು ಬಿಟ್ಟರೆ, ಮದುವೆ ಮುಂಜಿಗಳಿಗೆ ಬಾರದಿರಲು ನೆಪ ಹೇಳತೊಡಗಿದರೆ, ಮಂಡಿನೋವಿರಬೇಕೆಂದು ನಾವು ಸುಮ್ಮನಾಗುತ್ತೇವೆ. ಹಿಂದಿನ ವರ್ಷ ಅವರಿಗೆ ಪ್ರಾಸ್ಟೇಟ್ ಗ್ರಂಥಿಯ ಶಸ್ತ್ರಚಿಕಿತ್ಸೆ ಆಗಿತ್ತೆಂಬುದು ನೆನಪಿಗೇ ಬಾರದು. ಕೆಮ್ಮಿದಾಗ, ಕುರ್ಚಿಯಿಂದ ಎದ್ದಾಗ ಪಂಚೆ ಒದ್ದೆಯಾಗುವುದನ್ನು ಅವರಾದರೂ ಮಕ್ಕಳೊಡನೆ ಹೇಗೆ ಹೇಳಿಯಾರು?

ಮೂತ್ರವನ್ನು ತಡೆದಿಡುವ ಸ್ನಾಯುವಿನ ಬಳೆಗಳು ಎರಡು. ಕ್ಯಾನ್ಸರಿಗಾಗಿ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದಾಗ ಮೂತ್ರಕೋಶದ ಕತ್ತಿನಲ್ಲಿರುವ ಬಳೆಯ ಕೆಲಸ ಕೆಡುತ್ತದೆ. ಭಾರವೆಲ್ಲ ಕೆಳಗಿನದರ ಮೇಲೆ ಬೀಳುತ್ತದೆ. ಮೂತ್ರವನ್ನು ತಡೆಹಿಡಿಯುವ ಸ್ನಾಯುಗಳನ್ನು ದಿನವೂ ಬಿಗಿದು ಸಡಿಲಿಸುವ ವ್ಯಾಯಾಮದಿಂದ ಹೆಚ್ಚಿನವರಲ್ಲಿ ಕೆಲವು ತಿಂಗಳುಗಳೊಳಗೆ ಸೋರಿಕೆ ತಗ್ಗುತ್ತದೆ. ಆದುದರಿಂದ ವೈದ್ಯರು ಮತ್ತೊಂದು ಶಸ್ತ್ರಚಿಕಿತ್ಸೆಗೆ ಅವಸರಪಡದೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ಕಾಯುತ್ತಾರೆ.

ಆಮೇಲೂ ನಿಲ್ಲದಿದ್ದರೆ? ವಯಸ್ಸಾಯಿತು, ಅನುಭವಿಸಬೇಕು ಎಂದು ಕೈಚೆಲ್ಲಬೇಕಾಗಿಲ್ಲ. ಸೋರಿಕೆ ಅಲ್ಪವಾಗಿದ್ದರೆ ಮೂತ್ರನಾಳದ ಕೆಳಗೆ ಜಾಲರಿಯ ಪಟ್ಟಿಯೊಂದನ್ನು ಜೋಳಿಗೆಯಂತೆ ಕೂರಿಸಿ ಆಸರೆ ಕೊಡುವುದುಂಟು. ಹೆಚ್ಚಾಗಿದ್ದರೆ ಕೃತಕ ಬಳೆಯನ್ನೇ ತೊಡಿಸುತ್ತಾರೆ. ಅಮೆರಿಕದ ಬ್ರಾಂಟ್ಲಿ ಸ್ಕಾಟ್ ಎಂಬ ವೈದ್ಯರು 1972ರಲ್ಲಿ ಮೊದಲು ಅಳವಡಿಸಿದ ಈ ಸಾಧನದ ರಚನೆ ನಿಜಕ್ಕೂ ಸೋಜಿಗದ್ದು. ಮೂತ್ರನಾಳವನ್ನು ಸುತ್ತುವ ಪಟ್ಟಿ ಒಂದು, ಹೊಟ್ಟೆಯೊಳಗೆ ಪುಟ್ಟ ಬಲೂನು ಒಂದು, ವೃಷಣಚೀಲದಲ್ಲಿ ಬೆರಳಿಗೆ ಸಿಗುವ ಪಂಪು ಒಂದು. ಮೂರನ್ನೂ ಕೊಳವೆಗಳು ಕೂಡಿಸಿ ಒಳಗೆ ದ್ರವ ತುಂಬಿರುತ್ತದೆ. ಪಟ್ಟಿ ಉಬ್ಬಿರುವವರೆಗೂ ನಾಳ ಮುಚ್ಚಿರುತ್ತದೆ. ಬೇಕಾದಾಗ ಪಂಪನ್ನು ಹಿಸುಕಿದರೆ ದ್ರವ ಬಲೂನಿಗೆ ಸರಿದು ದಾರಿ ತೆರೆಯುತ್ತದೆ. ಕೆಲವು ನಿಮಿಷಗಳಲ್ಲಿ ತಾನಾಗಿಯೇ ಹಿಂದಿರುಗಿ ಮುಚ್ಚುತ್ತದೆ. ಹೊರಗೆ ಏನೂ ಕಾಣದು. ಆದರೆ ಗಾಯ ಮಾಯಲೆಂದು ಸುಮಾರು ಆರು ವಾರ ಅದನ್ನು ಚಾಲನೆಗೊಳಿಸುವುದಿಲ್ಲ. ಆ ದಿನಗಳಲ್ಲಿ ಸೋರಿಕೆ ಹಿಂದಿನಂತೆಯೇ ಇರುತ್ತದೆ. ಮೊದಲೇ ತಿಳಿಯದವರು ಶಸ್ತ್ರಚಿಕಿತ್ಸೆ ಕೆಟ್ಟಿತೆಂದು ಕಂಗಾಲಾಗುವುದು ಸಹಜ.

ತೊಡಕುಗಳೂ ಇವೆ. ಬೆಲೆ ದುಬಾರಿ. ಸೋಂಕು ತಗಲಿದರೆ ಹೊರತೆಗೆಯಬೇಕು. ವರ್ಷಗಳ ಮೇಲೆ ಕೆಟ್ಟರೆ ಬದಲಿಸಬೇಕು. ಪಂಪನ್ನು ಹಿಸುಕಲು ಬೆರಳಿನಲ್ಲಿ ಬಲವಿರಬೇಕು. ಒಂದೆರಡು ಹನಿ ಆಗಾಗ ಉಳಿದೇ ಹೋಗುವವರೂ ಉಂಟು. ಮುಂದೆ ಬೇರಾವ ಕಾಯಿಲೆಗೆ ಆಸ್ಪತ್ರೆ ಸೇರಿದರೂ ಮೂತ್ರಕ್ಕೆ ನಳಿಕೆ ಹಾಕುವ ಮುನ್ನ ಈ ಸಾಧನ ಒಳಗಿದೆಯೆಂದು ತಿಳಿಸಲೇಬೇಕು. ಅದನ್ನು ತೆರೆಯದೆ ನಳಿಕೆ ತೂರಿಸಿದರೆ ನಾಳಕ್ಕೆ ಗಾಯವಾದೀತು. ರೋಗಿಗೆ ಮಾತನಾಡಲು ಎಚ್ಚರವಿಲ್ಲದ ಹೊತ್ತಿನಲ್ಲಿ ಆ ಮಾತನ್ನು ಹೇಳಬೇಕಾದವರು ಹೆಂಡತಿ ಮಕ್ಕಳು.