ಕೋಳಿಗಳ ಕೊಕ್ಕರೆ ರೋಗವೂ ನಮ್ಮ ಕರ್ತವ್ಯವೂ

ಎತ್ತಿಗೆ ಜಾಡ್ಯ ಬಂದರೆ ಊರೆಲ್ಲವೂ ಎಚ್ಚರಗೊಳ್ಳುವುದು. ಕೋಳಿಗಳು ಸತ್ತರೆ ಆ ಸುದ್ದಿಯು ಹಿತ್ತಿಲ ಗೋಡೆಯನ್ನು ದಾಟುವುದಿಲ್ಲ. ಆದರೆ ಯಾದಗಿರಿ ಜಿಲ್ಲೆಯ ಕಡೇಚೂರಿನಂತಹ ಗ್ರಾಮಗಳಲ್ಲಿ ಹೊಲವಿಲ್ಲದ ಮನೆಯ ಹೆಣ್ಣುಮಗಳಿಗೆ ಹತ್ತು ಜವಾರಿ ಕೋಳಿಗಳೇ ಗಂಟು, ಅವೇ ಬ್ಯಾಂಕು. ಮಗನ ಪುಸ್ತಕಕ್ಕೂ ಆಸ್ಪತ್ರೆಯ ದಾರಿಖರ್ಚಿಗೂ ಅವಳು ಮಾರುವುದು ಅವನ್ನೇ. ಈ ಬ್ಯಾಂಕು ಒಂದೇ ವಾರದಲ್ಲಿ ದಿವಾಳಿಯೆದ್ದರೆ ಕೇಳುವವರಾರು?

ದಿವಾಳಿಯೆಬ್ಬಿಸುವ ಶತ್ರುವಿನ ಹೆಸರು ಕೊಕ್ಕರೆ ರೋಗ. 1926ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದಲ್ಲಿಯೂ ಗುರುತಿಸಲ್ಪಟ್ಟ ಈ ವ್ಯಾಧಿಯು ಒಂದೆರಡು ವರ್ಷಗಳೊಳಗೆ ಹಿಮಾಲಯದ ರಾಣಿಖೇತದಲ್ಲಿ ಕಂಡುಬಂದಿತು. ಅಂದಿನಿಂದ ನಮ್ಮ ದೇಶದಲ್ಲಿ ರಾಣಿಖೇತ ರೋಗವೆಂದೇ ಪ್ರಸಿದ್ಧ. ಬಾಯಿ ತೆರೆದು ಉಸಿರೆಳೆಯುವುದು, ಹಸಿರು ಬಣ್ಣದ ಭೇದಿ, ರೆಕ್ಕೆ ಜೋಲುವುದು, ಕತ್ತು ತಿರುಚುವುದು ಇದರ ಲಕ್ಷಣಗಳು. ರೋಗವು ಉಗ್ರವಾದಲ್ಲಿ ಲಸಿಕೆ ಕಾಣದ ಹಿಂಡಿನಲ್ಲಿ ಉಳಿಯುವವು ಬೆರಳೆಣಿಕೆಯಷ್ಟು.

ಇದರ ಕಾರಣವಾದ ವೈರಾಣುವು ತಾನಾಗಿ ಬೆಳೆಯಲಾರದು. ಕೋಳಿಯ ಜೀವಕೋಶದ ಹೊರಮೈಯಲ್ಲಿರುವ ಒಂದು ಬಗೆಯ ಸಕ್ಕರೆಯ ಕಣವನ್ನು ಹಿಡಿದುಕೊಂಡು, ಕೋಶದ ಪೊರೆಯೊಡನೆ ತನ್ನ ಪೊರೆಯನ್ನು ಬೆಸೆದು, ತನ್ನ ಆರ್‌ಎನ್‌ಎ ಎಳೆಯನ್ನು ಒಳಗೆ ಸೇರಿಸುವುದು. ಆಮೇಲೆ ಆ ಕೋಶದ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುವುದು. ವ್ಯಾಪಾರದ ನೆಪದಿಂದ ಬಂದು ನಮ್ಮವರ ಕೈಯಿಂದಲೇ ನಮ್ಮ ಮನೆಯನ್ನಾಳಿದವರ ಚರಿತ್ರೆಯನ್ನು ಬಲ್ಲ ವಾಚಕರಿಗೆ ಈ ರೀತಿಯು ಹೊಸದೇನೂ ಅಲ್ಲ. ಹೊಸ ವೈರಾಣುಗಳು ಹೊರಡುವಾಗ ಆ ಕೋಶದ ಪೊರೆಯನ್ನೇ ಹೊದ್ದುಕೊಂಡು ಹೊರಡುತ್ತವೆ. ಹಿಡಿದ ಸಕ್ಕರೆಯ ಬಂಧವನ್ನು ತಾವೇ ಕತ್ತರಿಸಿಕೊಂಡು ನೆರೆಯ ಕೋಶಗಳಿಗೆ ಹರಡುತ್ತವೆ.

ಸೌಮ್ಯ ತಳಿಗಳ ಬೆಸುಗೆಯ ಪ್ರೋಟೀನು ಸಿದ್ಧವಾಗಲು ಬೇಕಾದ ಕಿಣ್ವವು ಮುಖ್ಯವಾಗಿ ಉಸಿರಿನ ನಾಳದಲ್ಲಿಯೂ ಕರುಳಿನಲ್ಲಿಯೂ ದೊರೆಯುವುದು. ಉಗ್ರ ತಳಿಗಳಿಗೆ ಬೇಕಾದುದು ದೇಹದ ಬಹುತೇಕ ಎಲ್ಲ ಕೋಶಗಳಲ್ಲಿಯೂ ಉಂಟು. ಅವು ಮೆದುಳಿನವರೆಗೆ ಮುಟ್ಟುವುದು ಇದರಿಂದಲೇ.

ಇದರಿಂದ ತಿಳಿಯಬೇಕಾದುದೊಂದುಂಟು. ಕೋಳಿಯು ತೂಕಡಿಸುವ ಮೊದಲೇ ಅದರ ಹಿಕ್ಕೆಯಲ್ಲಿ, ಉಸಿರಿನಲ್ಲಿ ವೈರಾಣುವು ಹೊರಬೀಳುತ್ತಿರಬಹುದು. ಆದುದರಿಂದ “ಸಾಯುವ ಮೊದಲು ಮಾರಿಬಿಡೋಣ” ಎಂದು ಸಂತೆಗೆ ಒಯ್ಯುವವನು ರೋಗವನ್ನೇ ಬುಟ್ಟಿಯಲ್ಲಿ ಹೊತ್ತೊಯ್ಯುತ್ತಾನೆ. ಕಡೇಚೂರಿನಿಂದ ತೆಲಂಗಾಣದ ಗಡಿಯು ದೂರವಿಲ್ಲ. ಗಡಿಯ ಕಲ್ಲು ಮನುಷ್ಯರಿಗೇ ಹೊರತು ವೈರಾಣುವಿಗಲ್ಲ. ಬಡವನನ್ನು ಬೈಯುವುದು ಸುಲಭ; ಮಾರದಿದ್ದರೆ ಅವನಿಗೆ ಬೇರೆ ಗತಿಯೇನೆಂಬುದನ್ನೂ ಹೇಳಬೇಕಷ್ಟೆ.

ಆ ಗತಿಯು ಲಸಿಕೆ. ರೋಗ ಬಂದ ಮೇಲೆ ಅದಕ್ಕೆ ಔಷಧವಿಲ್ಲ. ಬರುವ ಮೊದಲು ತಡೆಯುಂಟು. ರಾಣಿಖೇತದ ಹೆಸರು ರೋಗಕ್ಕೆ ಅಂಟಿದುದನ್ನು ನೆನೆದು ನಾಚಬೇಕಾದುದಿಲ್ಲ. ಅದೇ ಕುಮಾವೂನ್ ಬೆಟ್ಟಗಳ ಮುಕ್ತೇಶ್ವರದ ಸಂಶೋಧನಾಲಯದಲ್ಲಿ, 1940ರ ದಶಕದಲ್ಲಿ, ವೈರಾಣುವನ್ನು ಮೊಟ್ಟೆಯ ಭ್ರೂಣದಲ್ಲಿ ಮತ್ತೆ ಮತ್ತೆ ಬೆಳೆಸಿ ಉಗ್ರತೆಯನ್ನು ತಗ್ಗಿಸಿ ಲಸಿಕೆಯನ್ನು ಸಿದ್ಧಪಡಿಸಿದರು. ಇಂದು ನಮ್ಮ ಹೆಬ್ಬಾಳದ ಸಂಸ್ಥೆಯಲ್ಲಿಯೂ ಈ ರೋಗದ ಲಸಿಕೆಯು ತಯಾರಾಗುತ್ತದೆ. ಮರಿಗೆ ಮೊದಲ ವಾರದಲ್ಲಿ ಕಣ್ಣಿಗೊಂದು ಹನಿ, ಸುಮಾರು 8 ವಾರಗಳಾದ ಮೇಲೆ ಒಂದು ಚುಚ್ಚುಮದ್ದು: ಇಷ್ಟೇ.

ಹಾಗಾದರೆ ಅಡ್ಡಿಯೇನು? ಒಂದು ಸೀಸೆಯ ಲಸಿಕೆಯು ನೂರಾರು ಕೋಳಿಗಳಿಗೆ. ಒಂದು ಮನೆಯಲ್ಲಿರುವುದು ಹತ್ತು. ತೆರೆದ ಸೀಸೆಯು ಕೆಲವೇ ಗಂಟೆಗಳಲ್ಲಿ ನಿರುಪಯೋಗಿಯಾಗುವುದು; ದಾರಿಯುದ್ದಕ್ಕೂ ತಂಪಿನಲ್ಲಿರಬೇಕು. ಆದುದರಿಂದ ಒಂಟಿ ಮನೆಗೆ ಅಸಾಧ್ಯವಾದುದು ಊರಿಗೆ ಸುಲಭ. ಪಶುಪಾಲನಾ ಇಲಾಖೆಯೂ ಗ್ರಾಮ ಪಂಚಾಯಿತಿಯೂ ಕೂಡಿ ವರ್ಷಕ್ಕೆ ಕೆಲವು ದಿನಗಳನ್ನು ಗೊತ್ತುಪಡಿಸಿ, ಕೋಳಿಗಳು ಗೂಡು ಸೇರುವ ಸಂಜೆಯ ಹೊತ್ತಿಗೆ, ತರಬೇತಾದ ಪಶುಸಖಿಯರ ಮೂಲಕ ಮನೆಮನೆಗೂ ಹನಿ ಮುಟ್ಟಿಸಲಿ. ಆಸ್ಟ್ರೇಲಿಯಾದಲ್ಲಿ ಸಿದ್ಧವಾದ ಬಿಸಿಲು ತಾಳುವ ಐ-2 ಎಂಬ ಲಸಿಕೆಯಿಂದ ಮೊಜಾಂಬಿಕ್, ಟಾಂಜಾನಿಯಾಗಳ ಹಳ್ಳಿಗಳು ಪ್ರಯೋಜನ ಪಡೆದಿವೆ. ನಮ್ಮ ಬಿಸಿಲಿನ ಜಿಲ್ಲೆಗಳಿಗೆ ಅಂತಹುದೇ ಬೇಕು.

ಗ್ರಾಮಸ್ಥರ ಕರ್ತವ್ಯವೂ ಉಂಟು: ಕೊಂಡುತಂದ ಕೋಳಿಯನ್ನು ಎರಡು-ಮೂರು ವಾರ ಬೇರೆ ಇರಿಸುವುದು, ಸತ್ತುದನ್ನು ಹಳ್ಳಕ್ಕೆಸೆಯದೆ ಸುಣ್ಣವಿಟ್ಟು ಹೂಳುವುದು.

2016ರಲ್ಲಿ ಹುಮನಾಬಾದಿನ ಕಡೆಯಲ್ಲಿಯೂ, 2025ರಲ್ಲಿ ಬಳ್ಳಾರಿ ಜಿಲ್ಲೆಯ ಕುರೇಕುಪ್ಪದಲ್ಲಿಯೂ ಹಕ್ಕಿಜ್ವರ ಕಂಡಾಗ ಅಧಿಕಾರಿಗಳು ಧಾವಿಸಿದರು, ಅದು ಯುಕ್ತವೇ. ಆ ಜ್ವರದಿಂದ ಮನುಷ್ಯನಿಗೆ ಪ್ರಾಣಭಯವುಂಟು, ಕೊಕ್ಕರೆ ರೋಗದಿಂದ ಸಾಮಾನ್ಯವಾಗಿ ಕಣ್ಣು ಕೆಂಪಾಗುವುದಷ್ಟೆ. ಆದರೆ ಮನುಷ್ಯನ ಹೊಟ್ಟೆಗೆ ಬರುವ ಭಯವೂ ಭಯವೇ. ಕಡೇಚೂರಿನ ಹೊಲಗಳಲ್ಲಿ ಈಗ ಔಷಧದ ಕಾರ್ಖಾನೆಗಳೆದ್ದಿವೆ. ಆ ಊರ ಹಿತ್ತಿಲಿನ ಕೋಳಿಗೆ ಒಂದು ಹನಿ ಲಸಿಕೆಯು ಸಕಾಲದಲ್ಲಿ ದೊರೆಯುತ್ತಿದೆಯೇ ಎಂದು ಸರ್ಕಾರದವರನ್ನು ನಾವು ವಿನಯದಿಂದ ಕೇಳುತ್ತೇವೆ.