ಮೊದಲ ಲೋಟಕ್ಕಿಂತ ಮೊದಲೇ ಆಗಬೇಕಾದ ತೀರ್ಮಾನ

2024ರ ಮೇ 19ರ ನಸುಕಿನಲ್ಲಿ ಪುಣೆಯ ಕಲ್ಯಾಣಿನಗರದಲ್ಲಿ ನಡೆದ ದುರ್ಘಟನೆಯನ್ನು ವಾಚಕರು ಮರೆತಿರಲಾರರು. ಹದಿನೇಳು ವರ್ಷದ ಬಾಲಕನೊಬ್ಬ ಮದ್ಯ ಸೇವಿಸಿ ಚಲಾಯಿಸುತ್ತಿದ್ದನೆಂದು ಆರೋಪಿಸಲಾದ ದುಬಾರಿ ಕಾರು ಮೋಟಾರು ಸೈಕಲ್ಲಿಗೆ ಅಪ್ಪಳಿಸಿ, ಅದರ ಮೇಲಿದ್ದ ಇಬ್ಬರು ತರುಣ ಇಂಜಿನಿಯರುಗಳು ಪ್ರಾಣ ಕಳೆದುಕೊಂಡರು. ಕೆಲವೇ ಗಂಟೆಗಳಲ್ಲಿ ಬಾಲನ್ಯಾಯ ಮಂಡಳಿಯಿಂದ ಅವನಿಗೆ ಜಾಮೀನು ದೊರೆಯಿತು. ರಸ್ತೆ ಅಪಘಾತಗಳ ಕುರಿತು ಮುನ್ನೂರು ಪದಗಳ ಪ್ರಬಂಧ ಬರೆಯಬೇಕೆಂಬುದು ಅದರ ಷರತ್ತುಗಳಲ್ಲೊಂದಾಗಿತ್ತು. ನಾಡೆಲ್ಲ ಕೆರಳಿತು. ಮಂಡಳಿಯು ತನ್ನ ಆದೇಶವನ್ನು ಬದಲಿಸಿ ಬಾಲಕನನ್ನು ವೀಕ್ಷಣಾಲಯಕ್ಕೆ ಕಳುಹಿಸಿತು. ಮುಂದೆ, ಅವನ ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದ ಮೇಲೆ ವೈದ್ಯರೂ ಹೆತ್ತವರೂ ಬಂಧನಕ್ಕೊಳಗಾದರು.

ಆ ಮುನ್ನೂರು ಪದಗಳನ್ನು ಕಂಡು ನಾವೆಲ್ಲರೂ ನಕ್ಕೆವು, ಸಿಟ್ಟಾದೆವು. ಆದರೆ ನಮ್ಮ ಊರುಗಳಲ್ಲಿ ಯುವಜನರಿಗೆ ನಾವು ಕೊಡುತ್ತಿರುವ ಶಿಕ್ಷಣವಾದರೂ ಎಂಥದು? ಜನವರಿಯಲ್ಲಿ ರಸ್ತೆ ಸುರಕ್ಷತೆಯ ಹೆಸರಿನಲ್ಲಿ ಒಂದು ಜಾಥಾ, ಒಂದು ಭಾಷಣ, ಒಂದು ಪ್ರಬಂಧ ಸ್ಪರ್ಧೆ, ಗೆದ್ದವರಿಗೊಂದು ಪ್ರಮಾಣಪತ್ರ. ಪುಣೆಯಲ್ಲಿ ಅಪಘಾತವಾದ ಮೇಲೆ ಬರೆಸಲು ಹೊರಟ ಪ್ರಬಂಧವನ್ನು ನಾವು ಅಪಘಾತಕ್ಕೆ ಮುಂಚೆ ಬರೆಸುತ್ತೇವೆ. ವ್ಯತ್ಯಾಸ ಅಷ್ಟೇ ಎಂದಾದರೆ ನಗುವ ಹಕ್ಕು ನಮಗೆ ಉಳಿಯುವುದಿಲ್ಲ.

ಸೊರಬ ತಾಲ್ಲೂಕಿನ ಉಳವಿಯ ಕಡೆಯಲ್ಲಿ ಅಂಥ ಕಾರುಗಳಿಲ್ಲ, ನಿಜ. ಇಲ್ಲಿರುವುದು ಅಡಿಕೆಯ ಅಥವಾ ಶುಂಠಿಯ ದುಡ್ಡಿನಲ್ಲಿ, ಇಲ್ಲವೆ ಸಾಲದ ಕಂತಿನಲ್ಲಿ ಮಗನಿಗೆ ಕೊಡಿಸಿದ ಮೋಟಾರು ಬೈಕು. ರಸ್ತೆಯೂ ಬೇರೆ. ಒಮ್ಮೆ ತೋಟದ ಅಂಚಿನ ತಿರುವು, ಒಮ್ಮೆ ಕೆರೆ ಏರಿಯ ಮೇಲಿನ ಕಿರಿದಾದ ದಾರಿ. ಕತ್ತಲಾದರೆ ದೀಪವಿಲ್ಲ. ಸುಗ್ಗಿಯ ಕಾಲದಲ್ಲಿ ಹಿಂದೀಪವಿಲ್ಲದ ಟ್ರ್ಯಾಕ್ಟರು, ಮಳೆಗಾಲದಲ್ಲಿ ಡಾಂಬರಿನ ಮೇಲೆ ಮಲಗಿದ ದನ. ಹಿಂದಿನ ಕಾಲದಲ್ಲಿ ಸಂತೆಯಿಂದ ಕುಡಿದು ಬಂದವನು ಗಾಡಿಯಲ್ಲಿ ನಿದ್ದೆಹೋದರೂ ಎತ್ತುಗಳು ಅವನನ್ನು ಮನೆಯಂಗಳಕ್ಕೆ ತಲುಪಿಸುತ್ತಿದ್ದವು. ಎತ್ತಿಗೆ ಮನೆಯ ದಾರಿ ಗೊತ್ತಿತ್ತು. ಬೈಕಿಗೆ ಗೊತ್ತಿಲ್ಲ. ನಮ್ಮ ಕುಡಿತದ ಪದ್ಧತಿ ಇನ್ನೂ ಎತ್ತಿನ ಗಾಡಿಯ ಕಾಲದಲ್ಲಿಯೇ ಇದೆ. ವಾಹನ ಮಾತ್ರ ಬದಲಾಗಿದೆ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ 4,61,312 ಅಪಘಾತಗಳಾಗಿ 1,68,491 ಜನ ಸತ್ತರು. ಸತ್ತವರಲ್ಲಿ ಶೇಕಡಾ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನಗಳಲ್ಲಿದ್ದವರು. ಇವುಗಳಲ್ಲಿ ಕುಡಿತದಿಂದಾದವೆಂದು ದಾಖಲಾದವು ಕೆಲವೇ ಭಾಗ. ಆದರೆ ರಾತ್ರಿ ತಿರುವಿನಲ್ಲಿ ಮರಕ್ಕೆ ಗುದ್ದಿದವನ ವಿಷಯದಲ್ಲಿ 'ಅತಿವೇಗ' ಎಂದು ಬರೆಯುವುದು ಸುಲಭ; ಆ ವೇಗಕ್ಕೆ ಧೈರ್ಯ ಕೊಟ್ಟದ್ದು ಯಾವುದೆಂದು ಬರೆಯಲು ಮನೆಯವರಿಗೂ ಮನಸ್ಸಿರುವುದಿಲ್ಲ. ಶವಪೆಟ್ಟಿಗೆಯ ಮುಂದೆ ನಿಂತು ಪ್ರಾರ್ಥಿಸಿದ ಗುರುಗಳಿಗೆ ಈ ಮೌನದ ಪರಿಚಯ ಚೆನ್ನಾಗಿಯೇ ಇದೆ.

ಧರ್ಮೋಪದೇಶದ ತರಗತಿಯಲ್ಲಿ ಈ ವಿಷಯ ಎತ್ತಿದಾಗಲೆಲ್ಲ ಯುವಕರಿಂದ ಎರಡು ಮಾತುಗಳು ಬರುತ್ತವೆ. ಮೊದಲನೆಯದು: "ಫಾದರ್, ನನ್ನ ಮಿತಿ ನನಗೆ ಗೊತ್ತು." ಈ ಮಾತನ್ನು ಸ್ವಲ್ಪ ನಿಧಾನವಾಗಿ ಪರೀಕ್ಷಿಸಬೇಕು. ಮದ್ಯವು ಕೈಕಾಲುಗಳನ್ನು ಕೆಡಿಸುವುದಕ್ಕೆ ಮುಂಚೆಯೇ ವಿವೇಚನೆಯನ್ನು ಸಡಿಲಗೊಳಿಸುತ್ತದೆ. ತಾನು ಸರಿಯಾಗಿದ್ದೇನೆಯೇ ಎಂದು ತೀರ್ಪು ಹೇಳಬೇಕಾದ ನ್ಯಾಯಾಧೀಶನಿಗೇ ಮೊದಲು ಅಮಲೇರುತ್ತದೆ. ಆದುದರಿಂದ ಕುಡಿದವನು "ನಾನು ಸರಿಯಾಗಿದ್ದೇನೆ" ಎಂದು ಹೇಳುವುದು ಸುಳ್ಳಲ್ಲ. ಅವನಿಗೆ ಹಾಗೆಯೇ ತೋರುತ್ತದೆ. ಅಪಾಯವಿರುವುದೂ ಅಲ್ಲಿಯೇ. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಒಂದು ಸೆಕೆಂಡಿನಲ್ಲಿ ಹದಿನಾರು ಮೀಟರಿಗೂ ಹೆಚ್ಚು ಸಾಗುತ್ತದೆ. ಬ್ರೇಕು ಹಿಡಿಯಲು ಅರ್ಧ ಸೆಕೆಂಡು ತಡವಾದರೆ ಎಂಟು ಮೀಟರ್ ಕೈತಪ್ಪಿತು. ನಮ್ಮ ಹಳ್ಳಿಯ ರಸ್ತೆಯ ಅಗಲವೇ ಅಷ್ಟಿರುವುದಿಲ್ಲ. ಮಜ್ಜಿಗೆ ಕುಡಿದರೆ, ನಿಂಬೆಹಣ್ಣು ಚೀಪಿದರೆ, ತಲೆಗೆ ತಣ್ಣೀರು ಸುರಿದುಕೊಂಡರೆ ಅಮಲಿಳಿಯುತ್ತದೆಂಬ ನಂಬಿಕೆಯೂ ಹುಸಿ. ಯಕೃತ್ತು ತನ್ನದೇ ಗತಿಯಲ್ಲಿ ಮದ್ಯವನ್ನು ಕರಗಿಸುತ್ತದೆ. ಅದನ್ನು ಅವಸರಪಡಿಸುವ ಮನೆಮದ್ದು ಇಲ್ಲ. ಗಾಂಜಾ, ನಿದ್ದೆಗೇಡು, ಮಂಪರು ತರುವ ಔಷಧಿ ಇವುಗಳಿಗೂ ಇದೇ ವಿಚಾರ ಅನ್ವಯಿಸುತ್ತದೆ.

ಹಾಗಾದರೆ ಹೊಣೆ ಎಲ್ಲಿ ಆರಂಭವಾಗುತ್ತದೆ? ಗ್ರೀಸಿನ ಮಿಟಿಲೀನ್ ಪಟ್ಟಣದ ಶಾಸನಕರ್ತ ಪಿಟ್ಟಾಕಸನು ಕುಡಿದು ಅಪರಾಧ ಮಾಡಿದವನಿಗೆ ಹೆಚ್ಚಿನ ದಂಡ ವಿಧಿಸಿದ್ದನು. ಅಂಥವರಿಗೆ ಇಮ್ಮಡಿ ದಂಡ ವಿಧಿಸುವುದರ ತರ್ಕವನ್ನು ಅರಿಸ್ಟಾಟಲನು ತನ್ನ ನೀತಿಶಾಸ್ತ್ರದಲ್ಲಿ ವಿವರಿಸುತ್ತಾನೆ: ಕುಡಿಯದೆ ಇರುವುದು ಆ ಮನುಷ್ಯನ ಕೈಯಲ್ಲಿತ್ತು, ಅವನ ಅರಿವುಗೇಡಿಗೆ ಅವನೇ ಮೂಲ. ಅಮಲಿನಲ್ಲಿ ಮಾಡಿದ ಪಾಪವನ್ನು ವಿಚಾರಿಸುವಾಗ ಸಂತ ತೋಮಾಸ್ ಅಕ್ವಿನಾಸರೂ ಅಮಲಿಗೆ ಮುಂಚಿನ ಇಚ್ಛೆಯನ್ನೇ ನೋಡುತ್ತಾರೆ. ಅಂದರೆ ನೈತಿಕ ತೀರ್ಮಾನದ ಗಳಿಗೆ ಬೈಕಿನ ಬಳಿ ಬರುವುದಿಲ್ಲ. ಮೊದಲ ಲೋಟಕ್ಕೆ ಮುಂಚೆ ಬರುತ್ತದೆ. ಮನೆಗೆ ಹೇಗೆ ಮರಳುವೆನೆಂದು ನಿಶ್ಚಯಿಸದೆ ಲೋಟವೆತ್ತಿದವನು ಆಗಲೇ ತಪ್ಪಿದ್ದಾನೆ, ಆ ರಾತ್ರಿ ಸುರಕ್ಷಿತವಾಗಿ ಮನೆ ಸೇರಿದರೂ ಸಹ. ಯುವಜನರಿಗೆ ಕಲಿಸಬೇಕಾದ ಪಾಠ ಇದೊಂದೇ.

ಎರಡನೆಯ ಮಾತು ತುಸು ಜಾಣತನದ್ದು: "ಕಾನಾ ಊರಿನ ಮದುವೆಯಲ್ಲಿ ಯೇಸುಸ್ವಾಮಿಯೇ ದ್ರಾಕ್ಷಾರಸ ಒದಗಿಸಲಿಲ್ಲವೆ?" ಒದಗಿಸಿದರು. ಧರ್ಮಸಭೆ ದ್ರಾಕ್ಷಾರಸವನ್ನು ಶಪಿಸುವುದಿಲ್ಲ. ಪ್ರತಿದಿನ ಬಲಿಪೀಠದ ಮೇಲಿರಿಸುತ್ತದೆ. ಆದರೆ 1992ರ ಕಥೋಲಿಕ ಧರ್ಮೋಪದೇಶ ಗ್ರಂಥವು ಐದನೆಯ ದೈವಾಜ್ಞೆಯ ವಿವರಣೆಯಲ್ಲಿ, 2290ನೆಯ ಪರಿಚ್ಛೇದದಲ್ಲಿ, ಅಮಲಿನಿಂದ ಇಲ್ಲವೆ ವೇಗದ ಮೋಹದಿಂದ ತನ್ನ ಮತ್ತು ಪರರ ಪ್ರಾಣವನ್ನು ಅಪಾಯಕ್ಕೊಡ್ಡುವುದು ಘೋರ ದೋಷವೆಂದು ಹೇಳುತ್ತದೆ. ಅದರ ಸ್ಥಾನವನ್ನು ಗಮನಿಸಬೇಕು. ಇದು ಕೇವಲ ಮಿತವ್ಯಯದ ಅಥವಾ ಶಿಸ್ತಿನ ಪ್ರಶ್ನೆಯಲ್ಲ, ಕೊಲೆಯನ್ನು ನಿಷೇಧಿಸುವ ಆಜ್ಞೆಯ ಪ್ರಶ್ನೆ. 2007ರ ಜೂನ್‌ನಲ್ಲಿ ವ್ಯಾಟಿಕನ್ನಿನ ವಲಸಿಗರ ಪಾಲನಾ ಮಂಡಳಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವಾಹನ ಚಾಲಕರಿಗೆ ಹತ್ತು ಆಜ್ಞೆಗಳಿವೆ. ಅವುಗಳಲ್ಲಿ ಆರನೆಯದು ಚಾಲಕನಿಗಿಂತ ಹೆಚ್ಚಾಗಿ ಅವನ ಸುತ್ತಲಿನವರಿಗೆ ಅನ್ವಯಿಸುತ್ತದೆ. ಚಲಾಯಿಸುವ ಸ್ಥಿತಿಯಲ್ಲಿಲ್ಲದ ಎಳೆಯರನ್ನೂ ಹಿರಿಯರನ್ನೂ ಪ್ರೀತಿಯಿಂದ ಒಪ್ಪಿಸಿ ತಡೆಯಬೇಕೆಂಬುದು ಅದರ ತಾತ್ಪರ್ಯ.

ಆ ಸುತ್ತಲಿನವರು ಯಾರು? ನಾವೇ. ನಮ್ಮ ಮದುವೆಯ ಹಿಂದಿನ ದಿನದ ರೋಸ್ ಶಾಸ್ತ್ರದಲ್ಲಿ, ನಾಮಕರಣದ ಊಟದಲ್ಲಿ, ಧರ್ಮಕೇಂದ್ರದ ಹಬ್ಬದ ರಾತ್ರಿಯಲ್ಲಿ ಲೋಟ ತುಂಬಿಸುವವರು ನಾವು. ಬೇಡವೆಂದವನನ್ನು "ಗಂಡಸಲ್ಲವೇನೋ" ಎಂದು ಹಂಗಿಸುವವರೂ ನಾವು. ಹನ್ನೊಂದು ಗಂಟೆಗೆ ಕೊನೆಯ ಬಸ್ಸು ಹೋಗಿ ಎಷ್ಟೋ ಹೊತ್ತಾಗಿರುವಾಗ "ನಿಧಾನಕ್ಕೆ ಹೋಗು ಮಾರಾಯ" ಎಂದು ಬೀಳ್ಕೊಡುವವರೂ ನಾವೇ. ಇದನ್ನು ಬರೆಯುವ ನಾನೂ ಇಂಥ ಊಟಗಳಿಗೆ ಆಶೀರ್ವಾದ ಮಾಡಿ, ಬೇಗನೆ ಎದ್ದು ಬಂದವನೇ. ಎದ್ದು ಬಂದದ್ದರಿಂದ ನನ್ನ ಹೊಣೆ ತೀರಿತೆಂದು ಹೇಳಲಾರೆ.

ಕಾನೂನು ತನ್ನ ಕೆಲಸ ಮಾಡಿಲ್ಲವೆನ್ನುವಂತಿಲ್ಲ. ನಮ್ಮ ನೆರೆಯ ಶಿಕಾರಿಪುರದ ಬಿ. ಎಸ್. ಯಡಿಯೂರಪ್ಪನವರು ಉಪಮುಖ್ಯಮಂತ್ರಿಯೂ ಹಣಕಾಸು ಸಚಿವರೂ ಆಗಿದ್ದಾಗ, 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ನಿಷೇಧ ಜಾರಿಗೆ ಬಂದಿತು. 2016ರ ಡಿಸೆಂಬರ್ 15ರಂದು ಸರ್ವೋಚ್ಚ ನ್ಯಾಯಾಲಯವು ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯದಂಗಡಿ ಇರಕೂಡದೆಂದಿತು. ಮರುವರ್ಷ ಸಣ್ಣ ಊರುಗಳಿಗೆ ಆ ದೂರವನ್ನು 220 ಮೀಟರಿಗೆ ಇಳಿಸಿ, ನಗರಗಳಿಗೆ ವಿನಾಯಿತಿ ತೋರಿತು. ಸಾರಾಯಿ ಹೋದಲ್ಲಿ ಬಾಟಲಿ ಬಂದಿತು. ಅಂಗಡಿ ಹಿಂದೆ ಸರಿದರೆ ಗಿರಾಕಿಯೂ ಅಷ್ಟು ಒಳಗೆ ಹೋಗಿ, ಅಲ್ಲಿಂದಲೇ ವಾಹನ ಏರಿ ಬಂದನು.

ಮೋಟಾರು ವಾಹನ ಕಾಯ್ದೆಯ 185ನೆಯ ಕಲಮಿನಂತೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗೆ ಮೀರಿ ಮದ್ಯಸಾರವಿದ್ದರೆ ಅಪರಾಧ. 2019ರ ತಿದ್ದುಪಡಿಯ ಮೇಲೆ ಮೊದಲ ಬಾರಿಗೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ, ಇಲ್ಲವೆ ಎರಡೂ. ಅದೇ ತಿದ್ದುಪಡಿ ಸೇರಿಸಿದ 199ಎ ಕಲಮು ತಂದೆತಾಯಿಗಳು ಓದಲೇಬೇಕಾದುದು. ಅಪ್ರಾಪ್ತ ವಯಸ್ಸಿನವನು ವಾಹನ ಚಲಾಯಿಸಿ ಅಪರಾಧವೆಸಗಿದರೆ ಪೋಷಕನೇ ಅಥವಾ ವಾಹನದ ಮಾಲೀಕನೇ ತಪ್ಪಿತಸ್ಥ. ಮೂರು ವರ್ಷಗಳವರೆಗೆ ಸೆರೆವಾಸ, 25,000 ರೂಪಾಯಿ ದಂಡ. ವಾಹನದ ನೋಂದಣಿ ಒಂದು ವರ್ಷ ರದ್ದು. ಮಗನಿಗೆ 25 ವರ್ಷ ತುಂಬುವವರೆಗೆ ಚಾಲನಾ ಪರವಾನಗಿ ಇಲ್ಲ. ತನಗೆ ತಿಳಿಯದೆ ನಡೆಯಿತೆಂದು ಅಥವಾ ತಡೆಯಲು ತಕ್ಕ ಎಚ್ಚರ ವಹಿಸಿದ್ದೆನೆಂದು ಪೋಷಕನೇ ಸಾಬೀತುಪಡಿಸಬೇಕು. ಕೀಲಿ ಕೊಟ್ಟ ಕೈಯನ್ನು ಕಾನೂನು ಕೊನೆಗೂ ಗುರುತಿಸಿದೆ. ಲೋಟ ಕೊಟ್ಟ ಕೈಯನ್ನು ಗುರುತಿಸಬೇಕಾದುದು ನಮ್ಮ ಆತ್ಮಸಾಕ್ಷಿ.

ಆದುದರಿಂದ ಕೆಲವು ಸಾಮಾನ್ಯ ಕೆಲಸಗಳನ್ನು ಸೂಚಿಸಬಯಸುತ್ತೇನೆ. ಮದ್ಯವಿಲ್ಲದ ಹಬ್ಬವೇ ಮೇಲು. ಇಟ್ಟೇ ಇಡುವ ಮನೆಯವರು ಅತಿಥಿಯ ಕೈಗೆ ಲೋಟ ಬರುವ ಮುಂಚೆ ವಾಹನದ ಕೀಲಿಯನ್ನು ತೆಗೆದಿರಿಸಲಿ, ನಡುಮನೆಯಲ್ಲಿ ನಾಲ್ಕು ಚಾಪೆ ಹಾಸಿಡಲಿ. ಕುಡಿದವನ ಹಿಂದೆ ಬೈಕು ಹತ್ತುವುದಿಲ್ಲವೆಂದು ಹೇಳುವ ಹಕ್ಕು ತಮಗಿದೆಯೆಂದು ಹೆಂಡತಿಗೂ ತಂಗಿಗೂ ಗೆಳೆಯನಿಗೂ ಕಲಿಸೋಣ. ಹೇಳಿದವರ ಪಕ್ಷದಲ್ಲಿ ನಿಲ್ಲೋಣ. ತಂದೆಯಾದವನು ಮಗನಿಗೆ ಒಂದು ಮಾತು ಕೊಡಲಿ: "ಎಷ್ಟು ಹೊತ್ತಾದರೂ ಫೋನು ಮಾಡು, ನಾನೇ ಬಂದು ಕರೆದೊಯ್ಯುತ್ತೇನೆ. ಆ ರಾತ್ರಿ ಒಂದು ಮಾತೂ ಆಡುವುದಿಲ್ಲ." ಬೈಗುಳವನ್ನು ಮರುದಿನಕ್ಕೆ ಇಟ್ಟುಕೊಳ್ಳಬಹುದು. ಮರುದಿನ ಬೈಯಲು ಮಗನಿರುತ್ತಾನೆ. ದೃಢೀಕರಣ ಸಂಸ್ಕಾರದ ಸಿದ್ಧತೆಯಲ್ಲಿ ಐದನೆಯ ಆಜ್ಞೆಯನ್ನು ಬೋಧಿಸುವಾಗ ಬೈಕಿನ ಹೆಸರೆತ್ತಲು ನಾವು ಗುರುಗಳು ಸಂಕೋಚಪಡಬಾರದು.

ಪುಣೆಯ ಬಾಲಕನಿಗೆ ವಿಧಿಸಿದ ಪ್ರಬಂಧ ಮುನ್ನೂರು ಪದಗಳದಾಗಿತ್ತು. ನಮ್ಮ ಮಕ್ಕಳಿಗೆ ಒಂದು ವಾಕ್ಯ ಸಾಕು, ಅದನ್ನು ಮನೆಯ ಹಿರಿಯರು ತಾವು ನಡೆದು ತೋರಿಸುವುದಾದರೆ: ಕುಡಿದರೆ ಕೀಲಿ ಮುಟ್ಟುವುದಿಲ್ಲ, ಕೀಲಿ ಹಿಡಿದರೆ ಕುಡಿಯುವುದಿಲ್ಲ. ಮುಂದಿನ ರೋಸ್ ಶಾಸ್ತ್ರ ಯಾರ ಮನೆಯದೋ, ಅದು ಅಲ್ಲಿಂದಲೇ ಆರಂಭವಾಗಲಿ.